ಭಂಡಾರದ ಕೆಳಗಿನ ತುಕ್ಕು

ನಮ್ಮದು ಗಾಲಿ ಮೇಲಿನ ಸಂಸಾರ. ಸುಗ್ಗಿ ಮುಗಿಯುತ್ತಲೇ ನಮ್ಮೂರು ಮಕ್ತಲ್ ಬಿಟ್ಟು, ಜೂರಾಲ ಅಣೆಕಟ್ಟು ದಾಟಿ, ಗದ್ವಾಲ್ ಬಳಸಿ, ಉಂಡವಳ್ಳಿ ಕಡೆಯ ಹೊಲಗಳವರೆಗೂ ಕುರಿ ಹೊಡೆದುಕೊಂಡು ಹೋಗುವುದು, ಮುಂಗಾರಿಗೆ ಮೊದಲು ತಿರುಗಿ ಬರುವುದು ನಮ್ಮ ಮನೆತನದ ಪದ್ಧತಿ. ಗಂಡನ ಅಜ್ಜನ ಕಾಲಕ್ಕೆ ಸಾಮಾನೆಲ್ಲ ಕುದುರೆ ಮೇಲೆ ಹೋಗುತ್ತಿತ್ತಂತೆ. ನಾನು ಸೊಸೆಯಾಗಿ ಬರುವಷ್ಟರಲ್ಲಿ ಅದರ ಜಾಗಕ್ಕೆ ಒಂದು ಹಳೆಯ ಟ್ರ್ಯಾಲಿ ಬಂದಿತ್ತು. ಬಾಗಿಸಿದ ಪೈಪುಗಳ ಮೇಲೆ ತಾಡಪಾಲು, ಒಳಗೆ ಹಲಗೆ ಮೇಲೆ ಹಾಸಿಗೆ, ಒಲೆ, ಕೊಡ, ಎಳೆ ಮರಿಗಳ ಬುಟ್ಟಿ. ಎಳೆಯಲು ಟ್ರ್ಯಾಕ್ಟರ್ ನಮ್ಮಲ್ಲಿರಲಿಲ್ಲ. ಗೊಬ್ಬರಕ್ಕೆಂದು ಯಾರ ಹೊಲದಲ್ಲಿ ರಾತ್ರಿ ಕುರಿ ತರುಬಿ ಮಲಗಿಸುತ್ತೇವೋ ಅವರೇ ತಮ್ಮ ಟ್ರ್ಯಾಕ್ಟರ್ ಕಳಿಸಿ ಎಳೆಸಿಕೊಳ್ಳುತ್ತಿದ್ದರು.

ತೆಲಂಗಾಣ ಬೇರೆ ರಾಜ್ಯವಾದ ಮರುವರ್ಷದ ಮಾತಿದು. ಹೊರಡಲು ಇನ್ನೊಂದು ವಾರವಿತ್ತು. ನನ್ನ ಗಂಡ ಟ್ರ್ಯಾಲಿಯನ್ನು ಹೊರಗೆಳೆದಾಗ ಅದರ ಮುಂದಿನ ಮೂಲೆ ಕಿರ್ ಎಂದು ಕೂಗಿ ಒಂದು ಪಕ್ಕಕ್ಕೆ ವಾಲಿತು. ಆತ ಅಲ್ಲೇ ತೀರ್ಮಾನ ಹೇಳಿಬಿಟ್ಟ.

"ಇದು ರಿಪೇರಿ ಆದ್ರ ಸರಿ. ಆಗ್ಲಿಲ್ಲಂದ್ರ ನಾವಿಬ್ರು ನಡ್ಕೊಂತ ಹೋಗೂಣು. ಅವ್ವ ಊರಾಗ ಇರ್ಲಿ."

ಅತ್ತೆಯ ಮೊಣಕಾಲು ಕೈಕೊಟ್ಟು ಎರಡು ವರ್ಷವಾಗಿತ್ತು. ನಡೆದು ಬರುವುದು ಆಕೆಯಿಂದ ಆಗದ ಮಾತು. ನಾಲ್ಕು ತಿಂಗಳು ಊರಲ್ಲಿ ಕೂತಿರುವುದು ಅದಕ್ಕಿಂತ ಆಗದ ಮಾತು. ಮದುವೆಯಾಗಿ ಬಂದಾಗಿನಿಂದ ಒಂದು ವರ್ಷವೂ ಕುರಿ ಬಿಟ್ಟು ಉಳಿದವಳಲ್ಲ ಆಕೆ. ಮಗನ ಮಾತು ಕೇಳಿದ್ದೇ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಆ ದಿನ ಊಟಕ್ಕೂ ಏಳಲಿಲ್ಲ.

ನನಗೂ ಆಕೆಗೂ ಬಹಳ ಹೊಂದುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಉಪ್ಪಿಗೊಂದು ಜಗಳ, ಒಲೆಗೊಂದು ಜಗಳ. ನಾನೂ ಸುಮ್ಮನಿರುವ ಪೈಕಿ ಅಲ್ಲ. ಆದರೆ ಕುರಿ ಈಯುವಾಗ ಮರಿ ಅಡ್ಡ ತಿರುಗಿದರೆ ಸರಿಮಾಡಲು ಆಕೆಯ ಕೈಯೇ ಬೇಕು. ಅಪರಿಚಿತ ಹೊಲದಲ್ಲಿ ಇಡೀ ದಿನ ಮಾತಾಡಲು ನನಗಿದ್ದವಳೂ ಆಕೆ ಒಬ್ಬಳೇ. ಬೈದಾಡಲಿಕ್ಕಾದರೂ ಒಂದು ಜೀವ ಬೇಕಲ್ಲ.

ಮರುದಿನ ಟ್ರ್ಯಾಲಿಯನ್ನು ರಾಯಚೂರು ರಸ್ತೆಯ ವೆಲ್ಡಿಂಗ್ ಅಂಗಡಿಗೆ ಎಳೆಸಿಕೊಂಡು ಹೋದೆವು. ಅತ್ತೆಯೂ ಹಟ ಹಿಡಿದು ಆಟೋದಲ್ಲಿ ಬಂದಳು. ಪಕ್ಕದಲ್ಲೇ ಒಬ್ಬ ಪೇಂಟರ್ ಗಾಡಿಗಳ ನಂಬರ್ ಪ್ಲೇಟಿನ ಎ.ಪಿ. ಅಳಿಸಿ ಟಿ.ಎಸ್. ಬರೆಯುತ್ತ ಕೂತಿದ್ದ. ನಮ್ಮದಕ್ಕೂ ಬರೆಯಲೇ ಎಂದು ಕೇಳಿದ. ನಮ್ಮದಕ್ಕೆ ನಂಬರೇ ಇರಲಿಲ್ಲ.

ವೆಲ್ಡಿಂಗ್ ಭಾಯಿ ವಯಸ್ಸಾದ ಮನುಷ್ಯ. ಕೆಳಗೆ ತೂರಿ, ಸಣ್ಣ ಸುತ್ತಿಗೆಯಿಂದ ಚೌಕಟ್ಟಿನ ಉದ್ದಕ್ಕೂ ಬಡಿಯುತ್ತ ಬಂದ. ಗಟ್ಟಿ ಇದ್ದಲ್ಲಿ ಕಬ್ಬಿಣ ಠಣ್ ಎನ್ನುತ್ತಿತ್ತು. ಮುಂದಿನ ಮೂಲೆಗೆ, ಟ್ರ್ಯಾಕ್ಟರಿನ ಕೊಂಡಿಗೆ ಸೇರುವ ಜಾಗಕ್ಕೆ ಬಂದಾಗ ಸದ್ದು ಸತ್ತುಹೋಯಿತು. ಅಲ್ಲಿ ರೊಟ್ಟಿಯಷ್ಟು ದಪ್ಪಕ್ಕೆ ಹಳದಿ ಹಕ್ಕಳೆ ಕಟ್ಟಿತ್ತು.

ಅದು ಭಂಡಾರ. ಮೈಲಾರಲಿಂಗನ ಹೆಸರಲ್ಲಿ ಅತ್ತೆ ಪ್ರತಿ ಭಾನುವಾರ ಅದೇ ಮೂಲೆಗೆ ಎಣ್ಣೆ ಸವರಿ, ಮೇಲೆ ಮುಷ್ಟಿ ತುಂಬ ಅರಿಶಿನ ಹಚ್ಚುತ್ತಿದ್ದಳು. ಅಮಾವಾಸ್ಯೆಗೆ ಅಲ್ಲೇ ಕಾಯಿ ಒಡೆಯುತ್ತಿದ್ದಳು. ದಾರಿ ಕಾಯಲಿ ಎಂದು. ದೇವರ ಗುರುತನ್ನು ಒರೆಸುವವರು ಯಾರು? ವರ್ಷಗಟ್ಟಲೆ ಒಂದರ ಮೇಲೊಂದು ಪದರು ಕೂತು, ಕಾಯಿ ನೀರು, ಮಳೆ ನೀರು ಎಲ್ಲ ಅದರ ಹಿಂದೆ ನಿಂತುಬಿಟ್ಟಿತ್ತು.

ಭಾಯಿ ಹೊರಗೆ ಬಂದು ಕೈ ಒರೆಸಿಕೊಂಡ. "ಇದನ್ನ ನಾ ಕೆರಿಯಂಗಿಲ್ರಿ. ನಿಮ್ ದೇವ್ರುದು ಐತಿ. ನೀವು ತೆಗೀರಿ, ಮುಂದಿಂದು ನಾ ಮಾಡ್ತೀನಿ."

ನನ್ನ ಗಂಡ ಪೇಂಟರ್ ಬರೆಯುವುದನ್ನು ನೋಡುವವನಂತೆ ಆ ಕಡೆ ತಿರುಗಿದ. ಕುರಿ ಕದಿಯಲು ಬಂದವರನ್ನು ಒಬ್ಬನೇ ಬೆನ್ನಟ್ಟುವ ಗಂಡಸು, ಅವ್ವ ಹಚ್ಚಿದ ಭಂಡಾರಕ್ಕೆ ಹೆದರಿದ್ದ. ನನಗೆ ಸಿಟ್ಟು ಬಂತು. ಕುಡುಗೋಲು ತೆಗೆದುಕೊಂಡು ನಾನೇ ಕೂತೆ. ಪುಡಿ ನೆಲಕ್ಕೆ ಬೀಳಬಾರದೆಂದು ಸೆರಗೊಡ್ಡಿ ಕೆರೆದೆ. ಭಂಡಾರ ಮುಗಿದ ಮೇಲೂ ಚಕ್ಕೆ ಏಳುತ್ತಲೇ ಇತ್ತು, ಈಗ ಬರುತ್ತಿದ್ದದ್ದು ಕಬ್ಬಿಣ. ಬೆರಳು ಒತ್ತಿದೆ, ಅದು ಆಚೆ ಕಡೆಗೆ ಹೋಯಿತು.

ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ಅತ್ತೆ ಯಾವಾಗ ಎದ್ದು ಬಂದಳೋ, ನನ್ನ ಹಿಂದೆ ನಿಂತಿದ್ದಳು. ತೂತನ್ನು ನೋಡಿದಳು.

"ನನ್ ಕೈಲೇ ಆತಲ್ಲ ಇದು," ಎಂದಳು.

ನಾನು ಸೆರಗಿನಲ್ಲಿದ್ದ ಪುಡಿಯನ್ನು ಗಂಟು ಕಟ್ಟಿಕೊಂಡೆ. ಆ ಮೂಲೆಯ ಮೇಲೆಯೇ ಒಲೆ ಇಟ್ಟು ಆರು ವರ್ಷ ರೊಟ್ಟಿ ಬಡಿದವಳು ನಾನು, ಒಮ್ಮೆಯೂ ಬಗ್ಗಿ ಕೆಳಗೆ ನೋಡಿರಲಿಲ್ಲ. ತಪ್ಪು ಆಕೆಯೊಬ್ಬಳದೇ ಹೇಗಾದೀತು?

ಮೂರು ದಿನ ಕೆಲಸ ನಡೆಯಿತು. ಭಾಯಿ ಕೆಟ್ಟ ತುಂಡು ಕತ್ತರಿಸಿ ಹೊಸ ಕಬ್ಬಿಣ ಬೆಸೆದ. ನೀರು ನಿಲ್ಲದೆ ಇಳಿದು ಹೋಗಲೆಂದು ತಳದಲ್ಲಿ ಎರಡು ರಂಧ್ರ ಕೊರೆದ. ಉಳಿದ ಚೌಕಟ್ಟಿನ ತುಕ್ಕನ್ನು ನಾನು ತಂತಿ ಬ್ರಷ್ಷಿನಿಂದ ತಿಕ್ಕಿದೆ, ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದೆ. ಅರ್ಧಕ್ಕೇ ಬಣ್ಣದ ಡಬ್ಬಿಗೆ ಕೈ ಹಾಕಿದಾಗ ಭಾಯಿ ತಡೆದ.

"ಇನ್ನೂ ತಿಕ್ಕು ತಂಗಿ. ಜಂಗು ಒಳಗ ಬಿಟ್ಟು ಬಣ್ಣ ಹಚ್ಚಿದ್ರ, ಕೀವಿನ ಗಾಯಕ್ಕ ಪಟ್ಟಿ ಕಟ್ಟಿದಂಗ. ಒಳಗ ತಿಂತಾನ ಇರ್ತೈತಿ."

ತಿಕ್ಕಿದೆ. ಅಂಗೈಯಲ್ಲಿ ಬೊಬ್ಬೆ ಬಂದವು. ಕೆಂಪು ಬಣ್ಣ ಎರಡು ಸಲ, ನಡುವೆ ಒಂದು ಇಡೀ ದಿನದ ಬಿಸಿಲು, ಅದರ ಮೇಲೆ ಕರಿ ಬಣ್ಣ. ಮುಂದೆಯೂ ಪ್ರತಿ ವರ್ಷ ಹೊರಡುವ ಮುಂಚೆ ಹೀಗೆ ಕೆಳಗೆ ಮಲಗಿ ನೋಡಬೇಕೆಂದು ಆಗಲೇ ನಿಶ್ಚಯಿಸಿದೆ, ಇಂದಿಗೂ ನೋಡುತ್ತೇನೆ.

ಹೊರಡುವ ದಿನ ಬಂತು. ಟ್ರ್ಯಾಕ್ಟರ್ ಬಂದು ಕೊಂಡಿ ಹಾಕಿ ನಿಂತಿತು. ಸಾಮಾನು ಏರಿದವು, ಮರಿಗಳು ಏರಿದವು, ಅತ್ತೆ ಏರಲಿಲ್ಲ.

"ನಾ ಬರಂಗಿಲ್ಲ. ನನ್ ಭಾರಕ್ಕ ಮತ್ತ ಮುರಿದ್ರ ನಿಮ್ಮ ಸಂಸಾರ ರಸ್ತೆದಾಗ ಬೀಳ್ತೈತಿ. ನೀವು ಹೋಗ್ರಿ."

ಭಾಯಿಯೂ ಬಂದಿದ್ದ. ಸುತ್ತಿಗೆಯಿಂದ ಬಡಿದು ಸದ್ದು ಕೇಳಿಸಿದ. ನನ್ನ ಗಂಡ ಮೇಲೆ ಹತ್ತಿ ಕುಣಿದು ತೋರಿಸಿದ. ಆಕೆ ತಲೆ ಅಲ್ಲಾಡಿಸಿದಳು. ಕಣ್ಣು ಮಾತ್ರ ನಾಯಿಗಳ ಕಾವಲಲ್ಲಿ ಮುಂದೆ ಹೊರಟಿದ್ದ ಕುರಿಗಳ ಮೇಲೇ ಇತ್ತು. ಅದನ್ನು ಕಂಡು ನನ್ನ ಪಿತ್ತ ನೆತ್ತಿಗೇರಿತು. ಡ್ರೈವರನಿಗೆ ಇಂಜಿನ್ ಆರಿಸಲು ಹೇಳಿ, ಸೀರೆ ಸೆಕ್ಕಿಕೊಂಡು, ಟ್ರ್ಯಾಲಿಯ ಕೆಳಗೆ ತೂರಿ ಆ ಮೂಲೆಯ ಅಡಿಗೇ ಅಂಗಾತ ಮಲಗಿದೆ.

"ಈಗ ಏರ್ರಿ ಅತ್ತಿ. ನೀವು ಏರಿ ಕುಂದ್ರೋತನಕ ನಾ ಹೊರಗ ಬರಂಗಿಲ್ಲ."

"ಹುಚ್ಚಿ ಇದ್ದೀಯೇನು, ಎದ್ ಬಾ. ಅದು ನನ್ ಕೈಲೇ ಕೆಟ್ಟಿದ್ದು."

"ಈಗ ಅದು ನನ್ ಕೈಲೇ ತಿಕ್ಕಿದ್ದು."

ಗಂಡ ಏನೋ ಹೇಳಲು ಹೋದ. ಭಾಯಿ ಅವನನ್ನು ಸುಮ್ಮನಿರಿಸಿದ್ದು ಕೇಳಿಸಿತು. ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಅತ್ತೆಯ ಎರಡು ಪಾದ ಮಾತ್ರ. ಒಡೆದ ಹಿಮ್ಮಡಿ, ಸವೆದ ಕಾಲುಂಗುರ. ಬಹಳ ಹೊತ್ತು ನಿಂತಲ್ಲೇ ನಿಂತಿದ್ದವು. ಆಮೇಲೆ ಒಂದು ಪಾದ ಮೇಲೆ ಹೋಯಿತು. ಮಗ ಮೇಲಿನಿಂದ ಕೈ ಕೊಟ್ಟಿರಬೇಕು. ಸ್ವಲ್ಪ ತಡೆದು ಇನ್ನೊಂದು ಪಾದವೂ ನೆಲ ಬಿಟ್ಟಿತು. ಹಲಗೆ ಒಮ್ಮೆ ನರಳಿತು. ಕಬ್ಬಿಣ ಸುಮ್ಮನಿತ್ತು.

"ಕುಂತೀನಿ ನೋಡು," ಎಂದಿತು ಮೇಲಿನಿಂದ ಆಕೆಯ ದನಿ. "ಬಾ ಇನ್ನ, ಕುರಿ ದೂರ ಹೋಗ್ಯಾವು."

ನಾನು ತಕ್ಷಣ ಹೊರಗೆ ಬರಲಿಲ್ಲ. ಅಳು ಬಂದಿತ್ತು. ಮುಖ ಒರೆಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಗಿತ್ತು.