ಕೊಳವೆ ಹಾಕಿದ ಚಾಚಾ

ಚಾಚಾರಿಗೆ ಎಡಹುಬ್ಬು ಇರಲಿಲ್ಲ. ಬೆಸುಗೆಯ ಬೆಂಕಿ ಯಾವಾಗಲೋ ಸುಟ್ಟುಹಾಕಿತ್ತು. ಹೀಗಾಗಿ ಸಿಟ್ಟು ಬಂದಾಗಲೂ ಅರ್ಧ ಮುಖ ಶಾಂತವಾಗಿಯೇ ಕಾಣುತ್ತಿತ್ತು.

ಅರವತ್ತರ ದಶಕದ ಆರಂಭ. ನಾನು ಧಾರವಾಡದ ಕಡೆಯಿಂದ ಮದುವೆಯಾಗಿ ದಾಂಡೇಲಿಗೆ ಬಂದಿದ್ದೆ. ಬಾಡಿಗೆಯ ಸಾಲುಮನೆ, ಅದರ ತುದಿಗೆ ಚಾಚಾರ ತಾಮ್ರದ ಅಂಗಡಿ. ಹೊಸಿಲು ದಾಟಲು ಅತ್ತೆಯವರನ್ನು ಕೇಳಬೇಕು. ನಾನೊಬ್ಬಳೇ ಇರಬಹುದಾದ ಜಾಗವೆಂದರೆ ಬಚ್ಚಲೊಂದೇ.

ಮಳೆಗಾಲಕ್ಕೆ ಬಂಬ ಬೇಕಾಯಿತು. ನಡುವೆ ಕೆಂಡ, ಸುತ್ತ ನೀರು ಇರುವ ತಾಮ್ರದ ಹಂಡೆ.

"ಚಾವಣಿ ಹೊರಗ ಕೊಳವಿ ಹಾಕಸೂದಾದ್ರ ಕೊಡ್ತೇನ್ರಿ. ಇಲ್ಲಾಂದ್ರ ಇಲ್ಲ," ಎಂದರು ಚಾಚಾ.

ಮನೆಯ ಮಾಲೀಕರು ಚಾವಣಿಗೆ ಮೊಳೆ ಹೊಡೆಯಲೂ ಬಿಡುವವರಲ್ಲ. "ಇದ್ದಿಲಿಗೆ ಹೊಗಿ ಎಲ್ಲಿಂದ ಬರ್ತೈತಿ?" ಎಂದರು ಅತ್ತೆ. ನಮ್ಮ ಯಜಮಾನರು ಹಳಿಯಾಳದಿಂದ ಕೊಳವೆಯಿಲ್ಲದ ಬಂಬ ತಂದು ಬಚ್ಚಲಲ್ಲೇ ಇಟ್ಟರು.

ಚಾಚಾ ಮನೆ ಮುಂದೆ ಹಾದಾಗಲೆಲ್ಲ ಕೇಳುತ್ತಿದ್ದರು: "ಕೊಳವಿ ಯಾವಾಗ ಹಾಕೂಣ್ರಿ? ಕಾಣೂ ಹೊಗಿ ಬಂದ್ರ ಮನಷ್ಯಾ ಎದ್ದು ಓಡ್ತಾನ. ಇದ್ದಿಲಿಂದು ಕಾಣಂಗಿಲ್ಲ."

ಒಂದು ಬೆಳಿಗ್ಗೆ ಎರಚಲು ಬರುತ್ತದೆಂದು ಕಿಟಕಿ ಮುಚ್ಚಿ ಸ್ನಾನಕ್ಕೆ ಕೂತೆ. ತಲೆ ಭಾರವಾಯಿತು. ಚಿಲಕ ಕಣ್ಣೆದುರೇ ಇತ್ತು, ಕೈ ಏಳಲಿಲ್ಲ. ಕೂಗಿದೆನೆಂದುಕೊಂಡೆ, ದನಿ ಹೊರಡಲಿಲ್ಲ. ತಂಬಿಗೆ ಬಿದ್ದ ಸದ್ದಿಗೆ ಬಂದ ಅತ್ತೆ ಬಾಗಿಲು ಬಡಿದು, ಅಂಗಡಿಗೆ ಓಡಿದರಂತೆ. ಚಾಚಾ ಬಾಗಿಲು ಒಡೆದರು. ಹೊದ್ದಿದ್ದ ಕಂಬಳಿಯನ್ನು ನನ್ನ ಮೇಲೆ ಎಸೆದು, ಮುಖ ತಿರುಗಿಸಿಕೊಂಡೇ ಹಿತ್ತಲಿಗೆ ಎಳೆದು ತಂದರು.

ಎಚ್ಚರವಾದಾಗ ಅವರು ಏಣಿ ಹತ್ತಿ ಕೊಳವೆಗೆಂದು ಚಾವಣಿಯ ತಗಡು ಕತ್ತರಿಸುತ್ತಿದ್ದರು. ಯಾರನ್ನೂ ಕೇಳಿರಲಿಲ್ಲ.

ಸಂಜೆ ಮಾಲೀಕರು ಬಂದರು. "ಯಾರು ಹೇಳಿದ್ರು ನಿನಗ?"

"ಯಾರೂ ಹೇಳಿಲ್ರಿ. ನಾನ ಮಾಡೀನಿ."

ನಾನು ಬಾಗಿಲ ಹಿಂದಿದ್ದೆ. ಅತ್ತೆ ನನ್ನ ಕೈ ಬಿಗಿಯಾಗಿ ಹಿಡಿದಿದ್ದರು. ಸೊಸೆಯ ಬಚ್ಚಲಿನ ಬಾಗಿಲನ್ನು ಪರಗಂಡಸು ಒಡೆದ ಎಂಬುದು ಹೊರಗೆ ಗೊತ್ತಾಗಬಾರದಿತ್ತು. ಯಜಮಾನರು ನೆಲ ನೋಡುತ್ತಿದ್ದರು. ನಾನೂ ಬಾಯಿ ಬಿಡಲಿಲ್ಲ.

ಚಾಚಾರ ಅಂಗಡಿಯೂ ಆ ಮಾಲೀಕರದೇ. ವಾರದೊಳಗೆ ಖಾಲಿ ಮಾಡಿಸಿದರು. ಮುಂಡಗೋಡಿಗೆ ಹೊರಡುವಾಗ ಚಾಚಾ ಹೊಸಿಲಾಚೆ ನಿಂತು, "ಬೇಟಿ, ಕೊಳವ್ಯಾಗ ಮಸಿ ಕಟ್ಟತೈತಿ, ತಿಂಗಳಿಗೊಮ್ಮೆ ಝಾಡಸು," ಎಂದರು.

ಎಷ್ಟೋ ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಮುಂಡಗೋಡಿಗೆ ಹೋಗಿ, ಅಂದು ಮಾಲೀಕರೆದುರು ನುಂಗಿದ್ದೆಲ್ಲವನ್ನೂ ಅವರ ಮಗಳಿಗೆ ಹೇಳಿದೆ. ಅವಳು ಹೇಳಿದಳು:

"ನಮ್ಮ ಅಬ್ಬಾ ನಮಗ ಇದನ್ನ ಹೇಳೇ ಇಲ್ರಿ. ದಾಂಡೇಲ್ಯಾಗ ಧಂದೆ ನಡೀಲಿಲ್ಲ, ಅದಕ್ಕ ಬಂದ್ವಿ ಅಂತಿದ್ರು."