ತಿರುಗಿ ಬಂದ ಉಡಿ

ನಾನು ಉಳಿದುಕೊಂಡ ಲಾಡ್ಜುಗಳಲ್ಲೆಲ್ಲ ಏನಾದರೊಂದು ಮರೆತು ಬಂದಿದ್ದೇನೆ. ಟವೆಲ್ಲು, ಚಾರ್ಜರು, ಒಮ್ಮೆ ಹುಬ್ಬಳ್ಳಿಯಲ್ಲಿ ಮಡಿಕೆ ಬಿಚ್ಚದ ಹೊಸ ಧೋತರ. ಯಾವುದೂ ತಿರುಗಿ ಬಂದಿಲ್ಲ. ಬರಲೆಂದು ನಾನೂ ಕಾದಿಲ್ಲ. ಮರೆತ ವಸ್ತು ಒಡೆಯನನ್ನು ಹುಡುಕಿಕೊಂಡು ಬರುವ ದೇಶವೊಂದಿದೆ ಎಂದು ಯಾರಾದರೂ ಹೇಳಿದರೆ ನಗುತ್ತಿದ್ದೆ. ಈಗ ನಗುವುದಿಲ್ಲ. ಜಪಾನಿನಲ್ಲಿ ಮರೆತದ್ದಷ್ಟೇ ಅಲ್ಲ, ಬೇಕೆಂದೇ ಬಿಟ್ಟದ್ದೂ ತಿರುಗಿ ಬರುತ್ತದೆ. ನಮ್ಮವ್ವನ ಸಂಕಟ ಶುರುವಾದದ್ದು ಅಲ್ಲಿಂದಲೇ.

ಯರಗಟ್ಟಿಯಲ್ಲಿ ಪಂಪು ಮಾರುವವನಿಗೆ ಜಪಾನು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಪಂಪಿನ ಜೊತೆಗೆ ಜಪಾನಿ ಕಂಪನಿಯೊಂದರ ಕಳೆ ಕೊಯ್ಯುವ ಯಂತ್ರಗಳನ್ನೂ ನಾನು ಮಾರುತ್ತೇನೆ; ಅವನ್ನು ಚೆನ್ನಾಗಿ ಮಾರಿದ ಅಂಗಡಿಕಾರರನ್ನು ಕಂಪನಿಯವರು ಕಾರ್ಖಾನೆ ತೋರಿಸಲು ಕರೆದೊಯ್ದರು. ಹೋಗುವುದೇ ಆದರೆ ಎಲ್ಲರೂ ಹೋಗೋಣ ಎಂದು ಹೆಂಡತಿ ಶೋಭಾ, ಕಾಲೇಜಿಗೆ ಹೋಗುವ ಮಗಳು ಪ್ರಿಯಾ ಮತ್ತು ಅವ್ವನನ್ನು ಕಟ್ಟಿಕೊಂಡು ಹೊರಟೆ. ಅಪ್ಪ ಮಾತ್ರ "ಅಂಗಡಿ ಯಾರ ನೋಡಬೇಕು?" ಎಂದು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತುಬಿಟ್ಟ. ಕಾರ್ಖಾನೆ ನೋಡಿದ ಮೇಲೆ ನಾವು ನಮ್ಮದೇ ಖರ್ಚಿನಲ್ಲಿ ಒಸಾಕಾದಲ್ಲಿ ಉಳಿದೆವು; ಹೀಗಾಗಿ ಹೊಟೇಲೂ ನಮ್ಮ ಕಿಸೆಗೆ ತಕ್ಕದ್ದೇ.

ಬಾಗಿಲು ತೆರೆದಾಗ ಇದು ಪಡಸಾಲೆಯಿರಬೇಕೆಂದು ನಾನು ಒಳಕೋಣೆಯ ಬಾಗಿಲು ಹುಡುಕಿದೆ. ಅದು ಕಪಾಟಿನ ಬಾಗಿಲಾಗಿತ್ತು. ರೈಲಿನ ಬರ್ತಿನ ಹಾಗೆ ಕೆಳಗೆರಡು, ಮೇಲೆರಡು ಮಂಚ. ಒಬ್ಬರು ಬ್ಯಾಗು ತೆರೆಯಬೇಕಾದರೆ ಉಳಿದ ಮೂವರು ಮಂಚ ಹತ್ತಬೇಕು. ಆದರೆ ಆ ಗೇಣುದ್ದದ ಜಾಗದಲ್ಲಿ ಇಲ್ಲದ್ದು ಯಾವುದು? ಚಹಾದ ಕೆಟಲು, ನಾಲ್ವರಿಗೂ ಮಡಿಸಿಟ್ಟ ರಾತ್ರಿಯ ಅಂಗಿ, ಮೆತ್ತನೆಯ ಚಪ್ಪಲಿ, ಹನಿ ನೀರು ಆಚೆ ಸಿಡಿಯದ ಬಚ್ಚಲು. ಪಾಯಖಾನೆಯ ಮುಚ್ಚಳ ನಾವು ಹತ್ತಿರ ಹೋದರೆ ತಾನಾಗಿ ಏಳುತ್ತಿತ್ತು. "ನೋಡವಾ, ಹಿರ್ಯಾರು ಬಂದ್ರ ಎದ್ದು ನಿಂದರತೈತಿ" ಎಂದು ಅವ್ವ ಮೊಮ್ಮಗಳಿಗೆ ಅದರಿಂದಲೂ ಒಂದು ಸಂಸ್ಕಾರ ಕಲಿಸಿದಳು.

ಕೋಣೆ ಸ್ವಚ್ಛ ಮಾಡಲು ಬರುತ್ತಿದ್ದವಳು ನೀಲಿ ಏಪ್ರನ್ ಕಟ್ಟಿದ, ಹೆಚ್ಚುಕಡಿಮೆ ಅವ್ವನ ವಯಸ್ಸಿನ ಒಬ್ಬ ಗಿಡ್ಡ ಹೆಂಗಸು. ನಾವು ಓಣಿಯಂಥ ವರಾಂಡದಲ್ಲಿ ಎದುರಾದರೆ ತಳ್ಳುಗಾಡಿಯನ್ನು ಗೋಡೆಗೆ ಒತ್ತಿ ನಡು ಬಗ್ಗಿಸಿ ನಮಸ್ಕರಿಸುತ್ತಿದ್ದಳು. ಅವ್ವ ತಿರುಗಿ ಕೈ ಮುಗಿದಳು. ಆಕೆ ಮತ್ತೆ ಬಗ್ಗಿದಳು. ಅವ್ವ ಮತ್ತೆ ಮುಗಿದಳು. ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳದಿದ್ದರೆ ನಾವು ಒಸಾಕಾ ನೋಡುತ್ತಲೇ ಇರಲಿಲ್ಲ.

ಮೆತ್ತನೆಯ ಗಾದಿ ಅವ್ವನ ಬೆನ್ನಿಗೆ ಒಗ್ಗಲಿಲ್ಲ. ಮೊದಲ ರಾತ್ರಿ ಮಂಚಕ್ಕೂ ಕಿಟಕಿಗೂ ನಡುವಿನ ಸಂದಿಯಲ್ಲಿ ದುಪ್ಪಡಿ ಹಾಸಿಕೊಂಡು ಮಲಗಿದಳು. ನೋಡಿದವರು ಏನೆಂದಾರು ಎಂದು ಬೆಳಿಗ್ಗೆ ಎಲ್ಲವನ್ನೂ ಮಡಿಸಿ ಮೊದಲಿನ ಹಾಗೆ ಇಟ್ಟಳು. ಸಂಜೆ ಬಂದು ನೋಡುತ್ತೇವೆ: ಅದೇ ಸಂದಿಯಲ್ಲಿ ದಪ್ಪನೆಯ ಹಾಸಿಗೆ, ಸುಕ್ಕಿಲ್ಲದ ಬಿಳಿ ಹೊದಿಕೆ, ತೆಳ್ಳನೆಯ ದಿಂಬು. ಎತ್ತರದಲ್ಲಿದ್ದ ಅವ್ವನ ಕನ್ನಡಕದ ಡಬ್ಬಿಯೂ ಕೈಗೆ ಸಿಗುವಂತೆ ಕೆಳಗೆ ಬಂದು ಕೂತಿತ್ತು. ಅವ್ವ ಬಾಗಿಲಲ್ಲೇ ನಿಂತಳು.

"ನಾ ಯಾರಿಗೂ ಹೇಳಿಲ್ಲಲ್ಲೋ. ಹೆಂಗ ತಿಳೀತು ಈಕೀಗೆ?"

ನನಗೂ ತಿಳಿಯಲಿಲ್ಲ. ಇಂದಿಗೂ ತಿಳಿದಿಲ್ಲ. ಗಿರಾಕಿಯ ಮುಖ ನೋಡಿ ಅವನಿಗೆ ಬೇಕಾದ ಪಂಪು ಹೇಳುತ್ತೇನೆ ಎಂದು ಜಂಬ ಕೊಚ್ಚುವವನು ನಾನು. ಈಕೆ ಖಾಲಿ ಕೋಣೆ ನೋಡಿ ಒಂದು ಮುದಿ ಬೆನ್ನಿನ ನೋವು ಓದಿದ್ದಳು.

ಅವ್ವ ಅಂದೇ ಹಟ ಹಿಡಿದಳು: ಈಕೆಗೆ ಉಡಿ ತುಂಬಬೇಕು. ಹಳೇ ಮೈಸೂರಿನ ಕಡೆಯವರು ಮಡಿಲು ಎನ್ನುವುದನ್ನೇ ನಾವು ಉಡಿ ಎನ್ನುತ್ತೇವೆ. ತವರಿಗೆ ಬಂದ ಹೆಣ್ಣುಮಗಳನ್ನಾಗಲಿ, ಮನೆಯವಳಂತೆ ನೋಡಿಕೊಂಡವಳನ್ನಾಗಲಿ ಬರಿ ಸೆರಗಿನಲ್ಲಿ ಕಳಿಸುವುದಿಲ್ಲ. ಅಕ್ಕಿ, ಹಣ್ಣು, ಕುಪ್ಪಸದ ಖಣ ಹಾಕಿ ಕಳಿಸುತ್ತೇವೆ. ಮನುಷ್ಯರಿಗೇ ಏಕೆ, ಅವ್ವನ ತವರು ಮನೋಳಿಯಲ್ಲಿ ಮಲಪ್ರಭೆ ತುಂಬಿ ಬಂದರೆ ಹೆಂಗಸರು ಹೊಳೆಗೂ ಉಡಿ ತುಂಬುತ್ತಾರೆ. ಹೊಳೆ ಬೇಡ ಎಂದದ್ದು ನಾನಂತೂ ಕೇಳಿಲ್ಲ.

"ಆಕಿ ಮುತ್ತೈದಿ ಹೌದೋ ಅಲ್ಲೋ, ಯಾರಿಗೆ ಗೊತ್ರೀ ಅತ್ತಿ?" ಎಂದಳು ಶೋಭಾ.

"ದುಡದು ತಿನ್ನೂ ಹೆಣ್ಮಗಳು ಯಾವಾಗೂ ಮುತ್ತೈದಿನ. ಸುಮ್ನಿರು" ಎಂದ ಅವ್ವ, ನನ್ನ ಕಡೆ ತಿರುಗಿದಳು. "ಈ ವಯಸ್ಸಿನ್ಯಾಗ ನಾ ಮತ್ತ ಈ ಊರಿಗೆ ಬರೂದೈತೇನು? ಈಗ ತುಂಬಲಿಲ್ಲಂದ್ರ ಆಕಿ ಋಣ ನನ್ನ ಕೂಡ ಮಣ್ಣಿಗೆ ಬರತೈತಿ."

ಖಣ ಅವ್ವನ ಬ್ಯಾಗಿನಲ್ಲಿತ್ತು. ಖಣವಿಲ್ಲದೆ ಆಕೆ ಊರ ಗಡಿ ದಾಟುವವಳಲ್ಲ. ಅಕ್ಕಿ, ಬಾಳೆಹಣ್ಣು ಮೂಲೆಯ ಅಂಗಡಿಯಲ್ಲಿ ಸಿಕ್ಕವು. ಮರುದಿನ ಎಲ್ಲವನ್ನೂ ದಿಂಬಿನ ಮೇಲೆ ಚಂದಾಗಿ ಜೋಡಿಸಿಟ್ಟು ಹೊರಟೆವು. ಸಂಜೆ ಅವೆಲ್ಲ ಮೇಜಿನ ಮೇಲಿದ್ದವು. ಖಣ ಅವ್ವ ಮಡಿಸಿದ್ದಕ್ಕಿಂತ ಚೆನ್ನಾಗಿ ಮಡಿಸಿತ್ತು. ಅಕ್ಕಿಯ ಒಂದು ಕಾಳೂ ಚೆಲ್ಲಿರಲಿಲ್ಲ. ಪ್ರಿಯಾ ಮೊಬೈಲ್ ನೋಡಿಕೊಂಡು ಅವರ ಲಿಪಿಯಲ್ಲಿ "ಇದು ನಿಮಗೆ" ಎಂದು ಚೀಟಿ ಬರೆದಿಟ್ಟಳು. ಮರುದಿನ ಸಂಜೆ ಚೀಟಿಸಮೇತ ಎಲ್ಲವೂ ಕೌಂಟರಿನಲ್ಲಿ ನಮಗಾಗಿ ಕಾಯುತ್ತಿದ್ದವು. ಕೋಣೆಯಲ್ಲಿ ಸಿಕ್ಕ ಅತಿಥಿಗಳ ವಸ್ತುವನ್ನು ಕೆಲಸದವರು ಇಟ್ಟುಕೊಳ್ಳುವಂತಿಲ್ಲ ಎಂದು ಕೌಂಟರಿನ ತರುಣ ಎರಡೂ ಕೈಯಿಂದ ಅವನ್ನು ನಮ್ಮ ಮುಂದೆ ಹಿಡಿದ.

ನನ್ನ ಅಂಗಡಿಯಲ್ಲಿ "ಮಾರಿದ ಮಾಲು ವಾಪಸು ಪಡೆಯುವುದಿಲ್ಲ" ಎಂಬ ಬೋರ್ಡಿದೆ. ಪಾಪ, ಅವ್ವನ ಹತ್ತಿರ ಅಂಥ ಬೋರ್ಡು ಇರಲಿಲ್ಲ. "ಉಡಿ ತಿರುಗಿ ಬರೂದಂದ್ರೇನೋ, ತಮ್ಮಾ!" ಎಂದವಳು ಆ ಸಂಜೆ ಊಟವನ್ನೇ ಮಾಡಲಿಲ್ಲ.

ಕೋಣೆ ಬಿಡುವ ದಿನ ಬೆಳಿಗ್ಗೆ ಅವ್ವ ಸೀರೆ ಉಡುತ್ತಿದ್ದವಳು ಸೆರಗು ಕೈಯಲ್ಲಿ ಹಿಡಿದು ಹಾಗೇ ನಿಂತಳು. ಆಮೇಲೆ ಹಣೆ ಬಡಿದುಕೊಂಡು ನಕ್ಕಳು.

"ತಪ್ಪು ನಂದ ಐತಿ. ಉಡಿ ಎಲ್ಲರೆ ದಿಂಬಿನ ಮ್ಯಾಲ ಇಡ್ತಾರೇನು? ನಾ ದಿಂಬಿಗೆ ಉಡಿ ತುಂಬೀನಿ, ದಿಂಬು ಬ್ಯಾಡಂದೈತಿ!"

ಅಕ್ಕಿ, ಹಣ್ಣು, ಖಣ, ಕುಂಕುಮದ ಭರಣಿ ಎತ್ತಿಕೊಂಡು ವರಾಂಡಕ್ಕೆ ನಡೆದಳು. ಆ ಹೆಂಗಸು ಎಂದಿನಂತೆ ಗೋಡೆಗೆ ಸರಿದು ಬಗ್ಗಿದಳು. ಈ ಸಲ ಅವ್ವ ಕೈ ಮುಗಿಯಲಿಲ್ಲ. ನೀಲಿ ಏಪ್ರನ್ನಿನ ಎರಡು ತುದಿಗಳನ್ನು ಎತ್ತಿ ಅವಳ ಕೈಗೇ ಕೊಟ್ಟಳು. ಕುಂಕುಮದ ಬೆರಳು ಮುಂದೆ ಬಂದಾಗ ಆಕೆ ಒಂದು ಕ್ಷಣ ಅವ್ವನ ಮುಖ ನೋಡಿ ತಾನೇ ಹಣೆ ಬಾಗಿಸಿದಳು. ಅವ್ವ ಬಾಯಲ್ಲಿ ಏನೋ ಅಂದುಕೊಳ್ಳುತ್ತ ಬೊಗಸೆಯಿಂದ ಅಕ್ಕಿ ಹಾಕಿದಳು, ಹಣ್ಣು ಹಾಕಿದಳು, ಖಣ ಇಟ್ಟಳು. ಆ ಹೆಂಗಸು ಕಣ್ಣು ಮಿಟುಕಿಸದೆ ಏಪ್ರನ್ ಒಡ್ಡಿಕೊಂಡೇ ನಿಂತಿದ್ದಳು.

ಇದರಿಂದ ಅವಳ ಕೆಲಸಕ್ಕೆ ಕುತ್ತು ಬಂದರೆ ಎಂದು ನನಗೆ ದಿಗಿಲು. ಆಕೆ ಏಪ್ರನ್ ಹಿಡಿದುಕೊಂಡೇ ನಮ್ಮ ಜೊತೆ ಲಿಫ್ಟಿನಲ್ಲಿ ಇಳಿದು ನೆಟ್ಟಗೆ ಕೌಂಟರಿಗೆ ಹೋಗಿ ಏನೋ ಹೇಳಿದಳು. ತರುಣ ತುಂಬಿದ ಏಪ್ರನ್ ನೋಡಿದ, ಹಣೆಯ ಕುಂಕುಮ ನೋಡಿದ, ಎದ್ದು ನಿಂತು ಅವ್ವನಿಗೆ ನಡುಬಗ್ಗಿಸಿ ನಮಸ್ಕರಿಸಿದ. ಅವಳು ಅಂದದ್ದೇನೆಂದು ಪ್ರಿಯಾ ಅವನನ್ನೇ ಇಂಗ್ಲಿಷಿನಲ್ಲಿ ಕೇಳಿ ತಿಳಿದಳು: "ಇದು ಕೋಣೆಯಲ್ಲಿ ಸಿಕ್ಕದ್ದಲ್ಲ. ನನಗೆ ಕೊಟ್ಟದ್ದು."

ನಾವು ಬಾಗಿಲ ತನಕ ಹೋಗಿದ್ದೆವು. ಆಕೆ ಓಡುತ್ತ ಬಂದಳು. ತುಂಬಿದ ಏಪ್ರನ್ನನ್ನು ಒಂದೇ ಕೈಯಲ್ಲಿ ಒಟ್ಟುಮಾಡಿ, ಇನ್ನೊಂದು ಕೈಯನ್ನು ಕಿಸೆಗೆ ಹಾಕಿ ಒಂದು ಪೆಪ್ಪರಮಿಂಟು ತೆಗೆದಳು. ಅದನ್ನು ಅವ್ವನ ಕೈಗೆ ಕೊಡಲಿಲ್ಲ. ಅವ್ವನ ಸೆರಗಿನ ತುದಿ ಎತ್ತಿ, ಅದರೊಳಗೆ ಹಾಕಿದಳು.

ಅವ್ವ ಅದನ್ನು ಸೆರಗಿಗೇ ಗಂಟು ಹಾಕಿಕೊಂಡಳು. ಯರಗಟ್ಟಿಯವರೆಗೂ ಬಿಚ್ಚಲಿಲ್ಲ. ಮನೆಗೆ ಬಂದ ಮೇಲೆ ಅಪ್ಪ, "ಹೆಂಗಿತ್ತು ಜಪಾನ?" ಎಂದ. ಬುಲೆಟ್ ರೈಲು, ಕೋಟೆ, ತಾನಾಗಿ ಏಳುವ ಮುಚ್ಚಳ ಎಲ್ಲವನ್ನೂ ವರ್ಣಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಸೆರಗಿನ ಗಂಟು ಬಿಚ್ಚುತ್ತ ಹೇಳಿದಳು:

"ಚೊಲೋ ತವರಮನಿ. ಜಾಗಾ ಮಾತ್ರ ಸಣ್ಣದು."