ಏಡನ್ನಿನಿಂದ ಬಂದ ಉಪ್ಪಿನ ತಕರಾರು

ಸೌದಿಯ ಥುಕ್ಬಾದ ನಮ್ಮ ಕೋಣೆಗೆ ಈ ವಾರವಿಡೀ ಸಾಸಿವೆ ಮತ್ತು ಇಂಗಿನ ವಾಸನೆ. ನನ್ನ ಜೊತೆಗಿರುವ ಸುಧಾಕರ ರಜೆ ಮುಗಿಸಿ ಬರುವಾಗ ನನ್ನ ಅಮ್ಮ ಕೊಟ್ಟ ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ತನ್ನ ಹೊಸ ಅಂಗಿಗಳ ನಡುವೆ ಭದ್ರವಾಗಿ ಇಟ್ಟು ತಂದಿದ್ದ. ದಮಾಮಿನಲ್ಲಿ ಪೆಟ್ಟಿಗೆ ಬಿಚ್ಚಿಸಿದ ಕಸ್ಟಮ್ಸಿನವನು ಮೂಗು ಮುಚ್ಚಿಕೊಂಡು "ಯಲ್ಲಾ, ಯಲ್ಲಾ" ಎಂದು ದಾಟಿಸಿದನಂತೆ.

"ನಿನ್ನ ಅಮ್ಮ ಮುಚ್ಚಳ ಹಾಕಿದ್ದಾ, ಬರೀ ಮೇಲೆ ಇಟ್ಟದ್ದಾ ಮಾರಾಯ?" ಎಂದು ಸುಧಾಕರ ಹಳದಿಯಾದ ಅಂಗಿ ಎತ್ತಿ ತೋರಿಸಿದ.

ಈ ಆರೋಪ ನಮ್ಮ ಮನೆಗೆ ಹೊಸತಲ್ಲ. ಅಮ್ಮನ ಅಪ್ಪ, ಅಂದರೆ ನನ್ನ ಅಜ್ಜ, ಯೆಮನಿನ ಏಡನ್ನಿನಲ್ಲಿ ದರ್ಜಿಯಾಗಿದ್ದರು. ಅಲ್ಲಿ ಅಂತರ್ಯುದ್ಧ ಆದಾಗ ನಾನಿನ್ನೂ ಹುಟ್ಟಿರಲಿಲ್ಲ. ಮುಂದಿನದಕ್ಕೆಲ್ಲ ಮೂಲ ಅಮ್ಮ. ಮಂಗಳೂರಿನಲ್ಲಿ ಕೆಲವು ವರ್ಷ ಪತ್ರಿಕೆಯ ಡೆಸ್ಕಿನಲ್ಲಿದ್ದ ನನಗೆ ಎರಡನೇ ಮೂಲವಿಲ್ಲದ ಸುದ್ದಿ ಬರೆಯಲು ಈಗಲೂ ಅಳುಕು. ಆದರೆ ಅಜ್ಜನ ಕಾಗದವನ್ನು ನಾನೇ ಓದಿದ್ದೇನೆ, ಅಷ್ಟು ಧೈರ್ಯ.

ಗುಂಡಿನ ಸದ್ದು ನಿಂತ ಮೇಲೆ ಅಜ್ಜ ಕೆಲಸಕ್ಕಿದ್ದ ಅಂಗಡಿಯ ಮಾಲೀಕರು "ಎಲ್ಲರೂ ಸೇಫ್" ಎಂದು ತಂತಿ ಕಳಿಸಿದರು. ಅಜ್ಜಿ ನಂಬಲಿಲ್ಲ. "ಸೇಫ್ ಅಂತ ಯಾರು ಬೇಕಾದ್ರೂ ಬರೀಬಹುದು" ಎಂದು ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಅಜ್ಜನ ಕಾಗದ ಬರುವವರೆಗೂ ಅವರು ಸರಿಯಾಗಿ ಉಣ್ಣಲಿಲ್ಲ.

ಆಗ ಪರದೇಶದ ಕಾಗದವೆಂದರೆ ಬರೀ ಮನೆಯವರ ಸ್ವತ್ತಲ್ಲ. ಜಗಲಿಯಲ್ಲಿ ನೆರೆಕರೆ ಸೇರಬೇಕು; ಪಕ್ಕದ ಮನೆಯ ಮಾಸ್ಟ್ರು ಕನ್ನಡಕ ಒರೆಸಿ ಗಟ್ಟಿಯಾಗಿ ಓದಬೇಕು; ಹೆಂಡತಿ ಬಾಗಿಲ ಹಿಂದೆ ನಿಂತು ಕೇಳಬೇಕು. ಇಡೀ ಊರು ಕೇಳುವ ಕಾಗದದಲ್ಲಿ ಗಂಡ ಹೆಂಡತಿಗೆ ಏನೆಂದು ಬರೆದಾನು, ನೀವೇ ಹೇಳಿ.

ಇಡೀ ಅಂತರ್ಯುದ್ಧಕ್ಕೆ ಅಜ್ಜ ಕೊಟ್ಟದ್ದು ಒಂದು ಸಾಲು: "ಇಲ್ಲಿ ಸ್ವಲ್ಪ ಗಲಾಟೆ ಇತ್ತು, ಈಗ ಇಲ್ಲ." ಉಳಿದದ್ದೆಲ್ಲ ಅಜ್ಜಿ ಕಳಿಸಿದ್ದ ಮಿಡಿ ಉಪ್ಪಿನಕಾಯಿ. ಉಪ್ಪು ವಿಪರೀತ. ಸಾಸಿವೆ ಕಹಿ. ಡಬ್ಬಿಯ ಬಾಯಿಗೆ ಬಟ್ಟೆ ಕಟ್ಟಿದವರು ಯಾರು, ದರ್ಜಿಯ ಮನೆಯಲ್ಲಿ ಒಂದು ಗಂಟು ಹಾಕಲು ಬರುವವರಿಲ್ಲವೇ? ಕೊನೆಯಲ್ಲಿ, "ಹೊರಗೆ ಕಾಲಿಡುವಂತಿಲ್ಲದ ದಿನಗಳಲ್ಲಿ ನಾವೆಲ್ಲ ಅದನ್ನೇ ನೆಕ್ಕಿಕೊಂಡು ಇದ್ದೆವು." ಡೆಸ್ಕಿನಲ್ಲಾಗಿದ್ದರೆ ನಾನು ಈ ಸಾಲನ್ನು ಎತ್ತಿ ತಲೆಬರಹ ಮಾಡುತ್ತಿದ್ದೆ.

ಜಗಲಿಗೆ ನಿರಾಸೆಯಾಯಿತು. ಅಮ್ಮನ ಅಣ್ಣ, ನನ್ನ ದೊಡ್ಡಮಾವ, ಸಿಟ್ಟಾದರು. "ಯುದ್ಧ ನೋಡಿದವರು ಬರೆಯುವುದು ಇದನ್ನಾ?"

ಬಾಗಿಲ ಹಿಂದಿನಿಂದ ಅಜ್ಜಿಯ ಸ್ವರ ಬಂತು: "ಉಪ್ಪು ಹೆಚ್ಚಂತಾ? ಅಲ್ಲಿ ಕೂತು ಹೇಳ್ಲಿಕ್ಕೆ ಎಂತ! ಬರ್ಲಿ, ಇನ್ನು ಅವರೇ ಮಾಡ್ಲಿ." ಆಮೇಲೆ ಅಮ್ಮನಿಗೆ, "ಅನ್ನ ಹಾಕು ಮಗಾ, ಹಸಿವಾಗ್ತದೆ. ಅವರಿಗೆ ಎಂತದ್ದೂ ಆಗ್ಲಿಲ್ಲ."

ನಿನ್ನೆ ಶುಕ್ರವಾರ ಮಧ್ಯಾಹ್ನ ಅಮ್ಮನ ಫೋನ್ ಬಂತು. ಟೀವಿಯಲ್ಲಿ ಈ ಕಡೆಯ ನಕ್ಷೆ ತೋರಿಸಿ ಅದರ ಮೇಲೆ ಕೆಂಪು ಬಾಣ ಎಳೆದಿದ್ದರಂತೆ. "ಮಗಾ, ಅಲ್ಲಿ ಎಂತ ಗಲಾಟೆ?"

ನಾನೀಗ ಇಲ್ಲೊಂದು ಕಂಪನಿಯ ಸುರಕ್ಷತಾ ವರದಿ ಬರೆಯುವವನು. ಗಡಿ ಎಷ್ಟು ದೂರ, ಅಂಗಡಿಗಳು ತೆರೆದಿವೆ, ಬಸ್ಸು ಓಡುತ್ತಿದೆ ಎಂದು ಕ್ರಮವಾಗಿ ಒಪ್ಪಿಸಿದೆ. ಅಮ್ಮ "ಹೂಂ" ಎಂದರು. ಮತ್ತೊಮ್ಮೆ ಒಪ್ಪಿಸಿದೆ. "ಬಾಣ ನಿಮ್ಮ ಕಡೆಗೇ ಇತ್ತಲ್ಲ?" ಊರಲ್ಲಿ ಆಗ ಮೂರು ಗಂಟೆ ದಾಟಿತ್ತು. ಊಟವಾಯಿತೇ ಎಂದು ಕೇಳಿದರೆ ಮತ್ತೆ ಬಾಣದ ಮಾತೇ.

ಅಷ್ಟರಲ್ಲಿ ಬಾಟಲಿ ಕಣ್ಣಿಗೆ ಬಿತ್ತು. "ಅಮ್ಮಾ, ಮಿಡಿಗೆ ಎಷ್ಟು ಉಪ್ಪು ಹಾಕಿದ್ದು? ಬಾಯಿಗಿಡ್ಲಿಕ್ಕೆ ಆಗುವುದಿಲ್ಲ. ಮುಚ್ಚಳ ಬೇರೆ ಸಡಿಲ, ಸುಧಾಕರನ ಅಂಗಿ ಹೋಯ್ತು."

ಅಮ್ಮನ ಸ್ವರ ಒಮ್ಮೆಲೇ ಏರಿತು. "ಉಪ್ಪು ಹೆಚ್ಚಾ? ಅಜ್ಜನದ್ದೇ ನಾಲಗೆ ನಿನಗೆ! ಬೇಡಾದ್ರೆ ಸುಧಾಕರನಿಗೆ ಕೊಡು. ಇಡು ಫೋನು, ನನಗೆ ಊಟ ಆಗ್ಲಿಲ್ಲ ಇನ್ನೂ."

ಕುಚ್ಚಲಕ್ಕಿ ಗಂಜಿಗೆ ಇನ್ನೊಂದು ಮಿಡಿ ಹಾಕಿಕೊಳ್ಳುತ್ತಿದ್ದ ಸುಧಾಕರ ತಲೆಯೆತ್ತಿದ. "ಉಪ್ಪು ಸರಿ ಉಂಟಲ್ಲ ಮಾರಾಯ?"

ಸರಿಯಾಗಿಯೇ ಇತ್ತು. ಗೊತ್ತಿದ್ದೂ ನಾನು ಕೊಟ್ಟ ಮೊದಲ ಸುಳ್ಳು ವರದಿ ಅದು. ಏಡನ್ನಿನ ಮಿಡಿಯಲ್ಲಿ ಉಪ್ಪು ಎಷ್ಟಿತ್ತು ಎಂಬುದರ ಬಗ್ಗೆ ನನಗೀಗ ಅನುಮಾನ ಬಂದಿದೆ.